ಹತ್ತು ಕೇಳಿದ್ದೀರಿ, ನಾಲ್ಕು ಸಾಕು

ಪ್ರಶ್ನೆ: ನನಗೆ 31 ವರ್ಷ. ಊರು ಹರಿಹರ, ಕೆಲಸ ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ. ಕೈಗೆ ಬರುವ ಸಂಬಳ 38,000 ರೂಪಾಯಿ. ಕಳೆದ ವರ್ಷ ರೂಮಿನ ಗೆಳೆಯರ ಜೊತೆ ಸೇರಿ ಆಪ್ಷನ್ ಟ್ರೇಡಿಂಗ್ ಮಾಡಿ 86,000 ಕಳೆದುಕೊಂಡೆ. ಮನೆಯಲ್ಲಿ ಹೇಳಿಲ್ಲ. ಅಪ್ಪ ‘ಸಾಲ ಮಾಡಿಯಾದರೂ ಒಂದು ಸೈಟು ತಗೋ’ ಅಂತಾರೆ. ಗೆಳೆಯನೊಬ್ಬ ‘ಮೊದಲು ನಿನ್ನ ಮೈಂಡ್‌ಸೆಟ್ ಬದಲಾಗಬೇಕು’ ಎಂದು ಎರಡು ಪುಸ್ತಕ ಕೊಟ್ಟ: ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಮತ್ತು ‘ಥಿಂಕ್ ಆ್ಯಂಡ್ ಗ್ರೋ ರಿಚ್’. ಓದುವಾಗ ಹುರುಪು ಬಂತು, ಒಂದು ವಾರದಲ್ಲಿ ಇಳಿದೂ ಹೋಯಿತು. ಬುದ್ಧಿವಂತಿಕೆಯಿಂದ ಹೂಡಿಕೆ ಮಾಡಲು, ಯಶಸ್ಸಿನ ಮನೋಭಾವ ಬೆಳೆಸಿಕೊಳ್ಳಲು ಓದಲೇಬೇಕಾದ ಹತ್ತು ಪುಸ್ತಕ ಹೇಳಿ. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ.

ಉತ್ತರ: ‘ಒಂದು ವಾರದಲ್ಲಿ ಇಳಿದೂ ಹೋಯಿತು’ ಎಂದು ಬರೆದಿದ್ದೀರಲ್ಲ, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡೆ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ನಿವೃತ್ತಿಯಾದ ಮೇಲೂ ಹಣದ ಲೆಕ್ಕ ಹಿಡಿದುಕೊಂಡು ಬರುವವರ ಜೊತೆ ಕೂರುತ್ತಿದ್ದೇನೆ. ನಾನು ಕಂಡಂತೆ ಹುರುಪಿನ ಆಯಸ್ಸು ಅಷ್ಟೇ. ಯುಗಾದಿಗೆ ಶುರುವಾದ ಉಳಿತಾಯ ಅಕ್ಷಯ ತೃತೀಯದ ಹೊತ್ತಿಗೆ ಒಡವೆ ಅಂಗಡಿಯ ಪಾಲಾಗಿರುತ್ತದೆ. ಹಾಗಾಗಿ ಹುರುಪು ಇಳಿದ ಮೇಲೂ ಕೆಲಸಕ್ಕೆ ಬರುವ ಪುಸ್ತಕಗಳನ್ನಷ್ಟೇ ಹೇಳುತ್ತೇನೆ. ಅವು ಹತ್ತಾಗುವುದಿಲ್ಲ. ನಾಲ್ಕು. ಬಾಯಿ ರುಚಿಗೆ ಐದನೆಯದೊಂದು.

ಮೊದಲು ಆ 86,000ದ ವಿಷಯ ಮುಗಿಸೋಣ. 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ಮೇಲೆ ನಿಗಾ ಇಡುವ ಸಂಸ್ಥೆ ಸೆಬಿ ಒಂದು ಅಧ್ಯಯನ ಹೊರತಂದಿತು. 2021–22ರಿಂದ 2023–24ರ ವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದಗಳು) ಕೈಯಾಡಿಸಿದ 1 ಕೋಟಿಗೂ ಹೆಚ್ಚು ಬಿಡಿ ವ್ಯಾಪಾರಿಗಳಲ್ಲಿ ಶೇ 93ರಷ್ಟು ಜನ ದುಡ್ಡು ಕಳೆದುಕೊಂಡಿದ್ದರು. ನಷ್ಟ ತಲಾ ಸುಮಾರು 2 ಲಕ್ಷ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಇಷ್ಟು ಜನಕ್ಕೂ ಮೈಂಡ್‌ಸೆಟ್ ಸರಿ ಇರಲಿಲ್ಲ ಎನ್ನುತ್ತೀರಾ? ಆಪ್ಷನ್‌ನಲ್ಲಿ ಒಬ್ಬ ಗೆದ್ದ ದುಡ್ಡು ಇನ್ನೊಬ್ಬ ಸೋತ ದುಡ್ಡು. ಇಬ್ಬರ ಕೈಯಿಂದಲೂ ಬ್ರೋಕರೇಜು, ತೆರಿಗೆ ಕಳೆಯುತ್ತಲೇ ಇರುತ್ತದೆ. ಎದುರು ಕೂತವನ ಹತ್ತಿರ ಕಂಪ್ಯೂಟರ್ ಇದೆ, ಬಂಡವಾಳ ಇದೆ. ನಿಮ್ಮ ಹತ್ತಿರ ಫೋನು ಮತ್ತು ಊಟದ ವಿರಾಮ. ಈ ಲೆಕ್ಕವನ್ನು ಯಾವ ಮನೋಬಲವೂ ತಿದ್ದುವುದಿಲ್ಲ. ಮನೆಯಲ್ಲಿ ಮಾತ್ರ ಹೇಳಿಬಿಡಿ. ಗುಟ್ಟಾಗಿಟ್ಟ ನಷ್ಟವನ್ನು ಗುಟ್ಟಾಗಿಯೇ ವಾಪಸ್ ಗೆಲ್ಲಬೇಕು ಅನಿಸುತ್ತದೆ. 86,000 ಮೂರು ಲಕ್ಷವಾಗುವುದು ಆ ದಾರಿಯಲ್ಲೇ. ಕೌಂಟರಿನ ಹಿಂದೆ ಕೂತು ಅಂಥವರ ಎಫ್‌ಡಿ ಮುರಿದುಕೊಟ್ಟವನು ನಾನು.

ಗೆಳೆಯ ಕೊಟ್ಟ ಎರಡು ಪುಸ್ತಕಗಳ ಬಗ್ಗೆ ಎರಡು ಮಾತು. ರಾಬರ್ಟ್ ಕಿಯೊಸಾಕಿಯ ‘ರಿಚ್ ಡ್ಯಾಡ್’ ಬಂದದ್ದು 1997ರಲ್ಲಿ. ಅದರಲ್ಲಿ ಒಂದು ಒಳ್ಳೆಯ ವಿಚಾರ ಇದೆ: ಜೇಬಿಗೆ ದುಡ್ಡು ತರುವುದು ಆಸ್ತಿ, ಜೇಬಿನಿಂದ ದುಡ್ಡು ಎಳೆಯುವುದು ಹೊರೆ. ಈ ಒಂದು ಕನ್ನಡಕ ಹಾಕಿಕೊಂಡು ಇಎಂಐ ಮೇಲೆ ತಂದ ಬೈಕು ನೋಡಿದರೂ ಸಾಕು, ಪುಸ್ತಕದ ದುಡ್ಡು ಹುಟ್ಟಿತು. ಉಳಿದದ್ದರಲ್ಲಿ ಸಾಲ ಮಾಡಿ ಬೆಳೆಯುವುದನ್ನು ಹಗುರವಾಗಿ ಹೇಳಿದ್ದಾರೆ. 38,000 ಸಂಬಳದವನು ಅದನ್ನು ನಂಬಿ ನಡೆದರೆ ಸರ್ವಜ್ಞ ಹೇಳಿದ ಹಾಲೋಗರವೂ ಸಿಗುತ್ತದೆ, ಕಿಬ್ಬದಿಯ ಕೀಲೂ ಮುರಿಯುತ್ತದೆ. ನೆಪೋಲಿಯನ್ ಹಿಲ್ ಅವರ ‘ಥಿಂಕ್ ಆ್ಯಂಡ್ ಗ್ರೋ ರಿಚ್’ 1937ರದು, ಅಮೆರಿಕದ ಮಹಾ ಕುಸಿತದ ಕಾಲದ್ದು. ಕೆಲಸವಿಲ್ಲದೆ ಕೂತಿದ್ದ ಜನಕ್ಕೆ ಆಗ ಧೈರ್ಯ ಬೇಕಿತ್ತು, ಅದು ಕೊಟ್ಟಿತು. ಉಕ್ಕಿನ ಸಾಹುಕಾರ ಆ್ಯಂಡ್ರೂ ಕಾರ್ನೆಗಿಯೇ ಈ ರಹಸ್ಯ ತನಗೆ ವಹಿಸಿದರು ಎಂದು ಹಿಲ್ ಹೇಳಿಕೊಂಡರು. ಅದಕ್ಕೆ ಅವರ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿ ಸಿಕ್ಕಿಲ್ಲ. ಇಂಥ ಪುಸ್ತಕ ಕೈಗೆತ್ತಿಕೊಂಡಾಗೆಲ್ಲ ನಾನು ಕೇಳಿಕೊಳ್ಳುವುದು ಇಷ್ಟೇ: ಈ ಮನುಷ್ಯ ದುಡ್ಡು ಮಾಡಿದ್ದು ಹೂಡಿಕೆಯಿಂದಲೋ, ಹೂಡಿಕೆಯ ಪುಸ್ತಕದಿಂದಲೋ?

ಮನೋಭಾವದ ಮಾತು ಬಂದಾಗ ನನಗೆ ನೆನಪಾಗುವುದು ಪುಸ್ತಕವಲ್ಲ, ಪಿಗ್ಮಿ. ಹರಿಹರದವರು ನೀವು, ಪಿಗ್ಮಿ ಏಜೆಂಟರನ್ನು ನೋಡಿಯೇ ಇರುತ್ತೀರಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರುಮಾಡಿದರು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟನೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ನಮ್ಮ ಬ್ರಾಂಚಿನ ಎದುರು ಒಬ್ಬ ಹೂವಿನಮ್ಮ ಕೂರುತ್ತಿದ್ದರು. ಸಂಜೆ ಆರೂವರೆಗೆ ಏಜೆಂಟ್ ಬಂದರೆ ಸಾಕು, ಸೆರಗಿನ ಗಂಟಿನಿಂದ ಹತ್ತು ರೂಪಾಯಿ ತೆಗೆದು, ಅವನು ಕಾರ್ಡಿನಲ್ಲಿ ಬರೆಯುವವರೆಗೂ ಅವನ ಪೆನ್ನನ್ನೇ ನೋಡುತ್ತಿದ್ದರು. ಮಳೆಗಾಲದಲ್ಲಿ ವ್ಯಾಪಾರ ಇಲ್ಲದ ದಿನ ಐದು. ಅವರು ಯಾವ ಮನೋಭಾವವನ್ನೂ ಬೆಳೆಸಿಕೊಂಡವರಲ್ಲ, ಏಜೆಂಟ್ ಬರುತ್ತಿದ್ದ, ಅಷ್ಟೇ. ಬಡ್ಡಿ ಕಡಿಮೆ, ನಡುವೆ ಮುರಿದರೆ ಅದೂ ಇಲ್ಲ. ಆದರೂ ಮಗಳ ನರ್ಸಿಂಗ್ ಫೀಸು ಆ ಕಾರ್ಡಿನಿಂದ ಹೋಯಿತು. ಮನಸ್ಸು ಸೋತ ದಿನವೂ ನಡೆಯುವ ಏರ್ಪಾಡು ಇದ್ದರೆ ಮನಸ್ಸನ್ನು ಗೆಲ್ಲುವ ಕಷ್ಟ ಕಡಿಮೆ. ನಾನು ಪುಸ್ತಕ ಆರಿಸುವುದೂ ಇದೇ ಕಣ್ಣಿನಿಂದ.

ಆದ್ದರಿಂದ ಮೊದಲನೆಯದು ಮೋನಿಕಾ ಹಾಲನ್ ಅವರ ‘ಲೆಟ್ಸ್ ಟಾಕ್ ಮನಿ’, 2018ರದು. ಲೆಕ್ಕವೆಲ್ಲ ರೂಪಾಯಿಯಲ್ಲೇ ಇದೆ, ನಮ್ಮ ಎಫ್‌ಡಿ, ಪಿಪಿಎಫ್, ಎಲ್‌ಐಸಿ ಏಜೆಂಟ್ ಆಗಿರುವ ಚಿಕ್ಕಪ್ಪ ಎಲ್ಲರೂ ಇದ್ದಾರೆ. ಇಂಗ್ಲಿಷ್ ಸರಳ. ಮೊದಲ ಭಾಗದಲ್ಲಿ ಬರುವ ಮೂರು ಖಾತೆಯ ಪದ್ಧತಿಯನ್ನು ಓದಿದ ದಿನವೇ ಜಾರಿಗೆ ತನ್ನಿ. ಸಂಬಳ ಬೀಳುವುದು ಒಂದು ಖಾತೆಗೆ, ತಿಂಗಳ ಖರ್ಚಿನದು ಎರಡನೆಯದಕ್ಕೆ, ಹೂಡಿಕೆಯದು ಮೂರನೆಯದಕ್ಕೆ. ಡೆಬಿಟ್ ಕಾರ್ಡು, ಯುಪಿಐ ಎಲ್ಲ ಎರಡನೆಯ ಖಾತೆಗೆ ಮಾತ್ರ. ಏಜೆಂಟನ ಕೆಲಸವನ್ನು ಇಲ್ಲಿ ಬ್ಯಾಂಕಿನ ಆಟೊ ಟ್ರಾನ್ಸ್‌ಫರ್ ಮಾಡುತ್ತದೆ. ಆಮೇಲೆ ಆಪತ್ತಿನ ನಿಧಿ, ಆರೋಗ್ಯ ವಿಮೆ, ಟರ್ಮ್ ವಿಮೆ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಕೊಡುವುದು), ಕೊನೆಗೆ ಷೇರು. ಈ ಅನುಕ್ರಮ ತಪ್ಪಿದವರೇ ನನ್ನ ಹತ್ತಿರ ಹೆಚ್ಚು ಬರುತ್ತಾರೆ. ಷೇರು ಇಡುವ ಡಿಮ್ಯಾಟ್ ಖಾತೆ ಇರುತ್ತದೆ, ಅಪ್ಪನಿಗೆ ಸ್ಟೆಂಟ್ ಹಾಕಿಸಲು ವಿಮೆ ಇರುವುದಿಲ್ಲ.

ಈ ಪುಸ್ತಕ ಓದಿ ಮುಗಿಸಿ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಕೂಡಿಟ್ಟ ಮೇಲೆ ಎರಡನೆಯದಕ್ಕೆ ಬನ್ನಿ. ಅವಸರವೇನಿಲ್ಲ, ಒಂದು ವರ್ಷ ಹಿಡಿದರೂ ಸರಿ.

ಎರಡನೆಯದು ಬೆಂಜಮಿನ್ ಗ್ರಹಾಮ್ ಅವರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’. ಮೊದಲು ಬಂದದ್ದು 1949ರಲ್ಲಿ. 1950ರ ಸುಮಾರಿಗೆ 19 ವರ್ಷದ ವಾರೆನ್ ಬಫೆಟ್ (ಮುಂದೆ ಜಗತ್ತೇ ಬಲ್ಲ ಹೂಡಿಕೆದಾರ) ಇದನ್ನು ಓದಿ ಗ್ರಹಾಮರ ಶಿಷ್ಯರಾದರು. ಈಗ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 1973ರ ಆವೃತ್ತಿಗೆ ಜೇಸನ್ ಜ್ವೀಗ್ ಟಿಪ್ಪಣಿ ಸೇರಿಸಿದ ದಪ್ಪ ಪ್ರತಿ. ಎಲ್ಲರೂ ಇದನ್ನು ಕೊಳ್ಳುತ್ತಾರೆ, ನಲವತ್ತನೇ ಪುಟದ ಹತ್ತಿರ ಬಿಡುತ್ತಾರೆ. ಅಮೆರಿಕದ ಹಳೆಯ ರೈಲ್ವೆ ಬಾಂಡುಗಳ ಕಥೆ ನಿಮಗೆ ಬೇಡ. ಎಂಟನೆಯ ಅಧ್ಯಾಯ ಓದಿ, ಇಪ್ಪತ್ತನೆಯದು ಓದಿ. ಬಫೆಟ್ ಕೂಡ ಮುನ್ನುಡಿಯಲ್ಲಿ ಆ ಎರಡರ ಹೆಸರೇ ಹೇಳಿದ್ದಾರೆ.

ಎಂಟನೆಯ ಅಧ್ಯಾಯದಲ್ಲಿ ‘ಮಿಸ್ಟರ್ ಮಾರ್ಕೆಟ್’ ಎಂಬ ಒಬ್ಬ ಪಾಲುದಾರ ಬರುತ್ತಾನೆ. ನೀವು ಅವನ ಜೊತೆ 1,000 ಡಾಲರ್ ಹಾಕಿ ಒಂದು ವ್ಯಾಪಾರದಲ್ಲಿ ಪಾಲು ಇಟ್ಟುಕೊಂಡಿದ್ದೀರಿ. ಅವನು ದಿನಾ ಬಂದು ನಿಮ್ಮ ಪಾಲಿಗೆ ಒಂದು ಬೆಲೆ ಹೇಳುತ್ತಾನೆ. ಬೇಕಾದರೆ ಮಾರು, ಬೇಕಾದರೆ ನನ್ನದನ್ನೂ ಕೊಳ್ಳು ಎನ್ನುತ್ತಾನೆ. ಒಂದು ದಿನ ಉಬ್ಬಿ ಹೋಗಿರುತ್ತಾನೆ, ಇನ್ನೊಂದು ದಿನ ಹೆದರಿ ನಡುಗುತ್ತಿರುತ್ತಾನೆ. ವ್ಯಾಪಾರ ಮಾತ್ರ ಅದೇ ವ್ಯಾಪಾರ.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆಯ ಮನೆ. ಶಿವಮೊಗ್ಗ ಮಂಡಿಯ ಧಾರಣೆ ಕೇಳದೆ ಅಪ್ಪಯ್ಯ ಕಾಫಿ ಕುಡಿದವರಲ್ಲ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು. ಧಾರಣೆ ಬಿದ್ದ ದಿನ ತೋಟಕ್ಕೆ ಹೋಗಿ ಮರ ಕಡಿದವರನ್ನು ನಾನು ನೋಡಿಲ್ಲ. ಮರ ಅಲ್ಲೇ ಇದೆ, ಗೊನೆ ಬಿಡುತ್ತದೆ ಎಂದು ಗೊತ್ತು. ಸಾಲದವನು ಬಾಗಿಲಲ್ಲಿ ಕೂತಿದ್ದರೆ ಮಾತ್ರ ಬಿದ್ದ ಧಾರಣೆಗೂ ಮೂಟೆ ಎತ್ತಬೇಕು. ಸಾಲವಿಲ್ಲದವನು ಅಟ್ಟದ ಮೇಲೆ ಇಟ್ಟು ಕಾಯುತ್ತಾನೆ. ಮಿಸ್ಟರ್ ಮಾರ್ಕೆಟ್ ಪಾಠದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. (ಹೋಲಿಕೆಯನ್ನು ತೀರಾ ಎಳೆಯಬಾರದು. ಅಟ್ಟದ ಅಡಿಕೆಗೆ ಹುಳ ಬೀಳುತ್ತದೆ, ಒಳ್ಳೆಯ ಕಂಪನಿ ನೀವು ಮಲಗಿದ್ದಾಗಲೂ ದುಡಿಯುತ್ತದೆ.) 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿದ್ದು 25,981ಕ್ಕೆ ನಿಂತಾಗ, ಕಲಿತವರೇ ಫೋನ್ ಮಾಡಿ ‘ಎಲ್ಲ ಮಾರಿಬಿಡಲಾ ಸಾರ್’ ಎಂದು ಕೇಳಿದರು. ಆ ಡಿಸೆಂಬರ್ ಮುಗಿಯುವ ಹೊತ್ತಿಗೆ ಅದು 47,000 ದಾಟಿತ್ತು. ಆ ಮಾರ್ಚಿನಲ್ಲಿ ಮಾರಿದವರೆಲ್ಲ ಹೆದರುಪುಕ್ಕಲರೇನಲ್ಲ. ನನಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರಿಗೆ ಮುಂದಿನ ತಿಂಗಳ ಬಾಡಿಗೆಗೆ ಬೇರೆ ದುಡ್ಡಿರಲಿಲ್ಲ. ಆರು ತಿಂಗಳ ಖರ್ಚು ಮೊದಲು ಎತ್ತಿಡಿ ಎಂದದ್ದು ಅದಕ್ಕೆ. ಇಪ್ಪತ್ತನೆಯ ಅಧ್ಯಾಯದಲ್ಲಿ ಗ್ರಹಾಮ್ ‘ಸುರಕ್ಷತೆಯ ಅಂತರ’ ಎನ್ನುವುದು ಷೇರಿನ ಬೆಲೆಯ ವಿಚಾರ: ಷೇರಿನ ನಿಜವಾದ ಮೌಲ್ಯಕ್ಕಿಂತ ಸಾಕಷ್ಟು ಅಗ್ಗಕ್ಕೆ ಕೊಳ್ಳಬೇಕು ಎಂದು. ನಿಮ್ಮ ಮಟ್ಟಿಗೆ ಸದ್ಯ ಆ ಅಂತರ ಅಂದರೆ ಬ್ಯಾಂಕಿನಲ್ಲಿ ಎತ್ತಿಟ್ಟ ಆ ಆರು ತಿಂಗಳ ಖರ್ಚು.

ಪುಸ್ತಕದ ಕೊನೆಯ ಪುಟಗಳನ್ನು ಯಾರೂ ಓದುವುದಿಲ್ಲ, ನೀವು ಓದಿ. ಅಲ್ಲಿ ಗ್ರಹಾಮ್ ‘ನಮಗೆ ಚೆನ್ನಾಗಿ ಗೊತ್ತಿರುವ ಇಬ್ಬರು ಪಾಲುದಾರರು’ ಎಂದು ತಮ್ಮ ಕಥೆಯನ್ನೇ ಹೆಸರಿಲ್ಲದೆ ಹೇಳುತ್ತಾರೆ. 1948ರಲ್ಲಿ ಗೈಕೊ ಎಂಬ ವಿಮಾ ಕಂಪನಿಯ ಅರ್ಧ ಪಾಲನ್ನು ಅವರ ಸಂಸ್ಥೆ ಕೊಂಡಿತು. ಇಪ್ಪತ್ತು ವರ್ಷ ಲೆಕ್ಕ ಹಾಕಿ, ಅಳೆದು ತೂಗಿ ಮಾಡಿದ ಉಳಿದೆಲ್ಲ ವ್ಯವಹಾರಗಳ ಲಾಭ ಒಟ್ಟು ಸೇರಿದರೂ ಆ ಒಂದರ ಲಾಭಕ್ಕೆ ಸಾಟಿಯಾಗಲಿಲ್ಲ. ಜೀವನಪೂರ್ತಿ ಎಚ್ಚರಿಕೆ ಬೋಧಿಸಿದ ಮನುಷ್ಯ, ಅದೃಷ್ಟವೂ ಇತ್ತು ಎಂದು ತಾನೇ ಬರೆದಿಟ್ಟಿದ್ದಾರೆ. ಅದಕ್ಕೇ ನನಗೆ ಈ ಪುಸ್ತಕದ ಮೇಲೆ ನಂಬಿಕೆ.

ಮೂರನೆಯದು ಜಾನ್ ಬೋಗಲ್ ಅವರ ‘ದಿ ಲಿಟಲ್ ಬುಕ್ ಆಫ್ ಕಾಮನ್ ಸೆನ್ಸ್ ಇನ್ವೆಸ್ಟಿಂಗ್’. 2007ರದು, ಹೆಸರಿಗೆ ತಕ್ಕ ಸಣ್ಣ ಪುಸ್ತಕ. ಹೇಳಿದ್ದನ್ನೇ ಹೇಳುತ್ತಾರೆ ಎಂಬ ದೂರು ಇದೆ, ನಿಜ. ಬೋಗಲ್ 1976ರಲ್ಲಿ ಸಾಮಾನ್ಯರಿಗಾಗಿ ಮೊದಲ ಇಂಡೆಕ್ಸ್ ಫಂಡ್ (ಷೇರು ಆರಿಸುವ ಗೋಜಿಲ್ಲದೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡಿಡುವ ಫಂಡ್) ತೆರೆದಾಗ 15 ಕೋಟಿ ಡಾಲರ್ ಸಂಗ್ರಹದ ಗುರಿ ಇತ್ತು. ಬಂದದ್ದು 1.13 ಕೋಟಿ. ಸೂಚ್ಯಂಕದ ಎಲ್ಲ 500 ಷೇರು ಕೊಳ್ಳಲೂ ಅದು ಸಾಲಲಿಲ್ಲ. ಪೇಟೆಯಲ್ಲಿ ಅದಕ್ಕೆ ‘ಬೋಗಲ್‌ನ ಪೆದ್ದುತನ’ ಎಂದು ಹೆಸರಿಟ್ಟರು. ಅವರ ವಾದ ಇಷ್ಟೇ: ಎಲ್ಲ ಹೂಡಿಕೆದಾರರೂ ಸೇರಿದರೆ ಅದೇ ಮಾರುಕಟ್ಟೆ. ಆದ್ದರಿಂದ ಎಲ್ಲರ ಸರಾಸರಿ ಗಳಿಕೆ ಅಂದರೆ ಮಾರುಕಟ್ಟೆಯ ಗಳಿಕೆಯಲ್ಲಿ ಖರ್ಚು ಕಳೆದು ಉಳಿದದ್ದು. ಖರ್ಚು ಕಡಿಮೆಯಾದಷ್ಟೂ ನಿಮಗೆ ಹೆಚ್ಚು.

ಇದು ಎಷ್ಟರ ಮಾತು ಎನ್ನುವುದಕ್ಕೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿ (ಪ್ರತಿ ತಿಂಗಳೂ ಮ್ಯೂಚುವಲ್ ಫಂಡಿಗೆ ಒಂದೇ ಮೊತ್ತ ಹಾಕುವುದು), 20 ವರ್ಷ. ನೀವು ಹಾಕುವುದು 12 ಲಕ್ಷ. ವರ್ಷಕ್ಕೆ ಶೇ 12 ಸಿಕ್ಕಿತು ಎಂದುಕೊಂಡರೆ (ಸಿಗುತ್ತದೆ ಎಂದು ನಾನು ಬರೆದುಕೊಡುವುದಿಲ್ಲ, ಯಾರು ಬರೆದುಕೊಟ್ಟರೂ ಎದ್ದು ಬನ್ನಿ) ಕೊನೆಗೆ ಸುಮಾರು 50 ಲಕ್ಷ. ಅದೇ ಫಂಡಿನಲ್ಲಿ ವರ್ಷಕ್ಕೆ ಶೇ 1 ಕಮಿಷನ್ನಿಗೆ ಹೋಗಿ ಶೇ 11 ಸಿಕ್ಕರೆ 43 ಲಕ್ಷದ 70 ಸಾವಿರದ ಹತ್ತಿರ. ಒಂದು ಅನ್ನುವ ಆ ಸಣ್ಣ ಅಂಕಿ ಆರು ಲಕ್ಷ ಚಿಲ್ಲರೆ ತಿಂದಿತು. ನೀವು ಆಪ್ಷನ್‌ನಲ್ಲಿ ಕಳೆದದ್ದರ ಏಳು ಪಟ್ಟು, ಅದೂ ಒಂದೇ ಒಂದು ದಿನ ನಿದ್ದೆಗೆಡದೆ! ನಮ್ಮಲ್ಲಿ 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಕಮಿಷನ್ ಇಲ್ಲದ ‘ಡೈರೆಕ್ಟ್’ ಯೋಜನೆ ಇದೆ. ಎಸ್‌ಐಪಿ ಫಾರಂ ತುಂಬುವಾಗ ‘ರೆಗ್ಯುಲರ್’ ಎಂದಿದೆಯೋ ‘ಡೈರೆಕ್ಟ್’ ಎಂದಿದೆಯೋ ಓದಿ ನೋಡಿ. ವರ್ಷಕ್ಕೊಮ್ಮೆ ಕೂತು ಮಾತನಾಡುವ, ಕಷ್ಟಕಾಲದಲ್ಲಿ ಮಾರಬೇಡಿ ಎಂದು ತಡೆಯುವ ಒಳ್ಳೆಯ ಏಜೆಂಟರಿದ್ದರೆ ಆ ಕಮಿಷನ್ ದಂಡವೇನಲ್ಲ. ಫಾರಂಗೆ ಸಹಿ ಹಾಕಿಸಿಕೊಂಡು ಮಾಯವಾದವರಿಗೆ 20 ವರ್ಷ ಯಾಕೆ ಕೊಡಬೇಕು?

ಇಲ್ಲಿ ನಿಮ್ಮ ಪ್ರಶ್ನೆಯ ಎರಡನೆಯ ಅರ್ಧಕ್ಕೆ ಬರುತ್ತೇನೆ. ಯಶಸ್ಸಿನ ಮನೋಭಾವದ ಪುಸ್ತಕಗಳಲ್ಲಿ ನಾನು ಗೌರವಿಸುವುದು ಕ್ಯಾರಲ್ ಡ್ವೆಕ್ ಅವರ ‘ಮೈಂಡ್‌ಸೆಟ್’, 2006ರದು. ನಿಮ್ಮ ಗೆಳೆಯ ಬಳಸಿದ ಪದ ಇಷ್ಟು ಹಬ್ಬಿದ್ದರಲ್ಲಿ ಆಕೆಯ ಪಾಲೂ ಇದೆ. ಆಕೆ ಮನಶ್ಶಾಸ್ತ್ರಜ್ಞೆ, ಮಕ್ಕಳ ಕಲಿಕೆಯ ಮೇಲೆ ಕೆಲಸ ಮಾಡಿದವರು. ‘ನನಗೆ ಗಣಿತ ಬರಲ್ಲ’ ಎನ್ನುವ ಮಗುವಿಗೂ ‘ನನಗೆ ಗಣಿತ ಇನ್ನೂ ಬಂದಿಲ್ಲ’ ಎನ್ನುವ ಮಗುವಿಗೂ ಇರುವ ಅಂತರ ಅವರ ವಿಷಯ. ನಿಮ್ಮ ಕಾರ್ಖಾನೆಯ ಕೆಲಸಕ್ಕೆ, ಹೊಸ ಮೆಷಿನ್ ಕಲಿಯುವುದಕ್ಕೆ, ಇಂಗ್ಲಿಷಿಗೆ ಅದು ಚೆನ್ನಾಗಿ ಹೊಂದುತ್ತದೆ. ನನ್ನ ನಾಲ್ಕರ ಲೆಕ್ಕಕ್ಕೆ ಅದನ್ನು ಸೇರಿಸಿಲ್ಲ, ಬೇಕೆನಿಸಿದರೆ ಓದಿ. ಆದರೆ ಆ ಪಾಠವನ್ನು ಹಾಗೆಯೇ ಷೇರುಪೇಟೆಗೆ ತರಬೇಡಿ. ಉಳುಮೆ ಹೆಚ್ಚಾದರೆ ಬೆಳೆ ಹೆಚ್ಚು ಎನ್ನುವ ಲೆಕ್ಕ ಪೇಟೆಯಲ್ಲಿ ನಡೆಯುವುದಿಲ್ಲ. ಬ್ರ್ಯಾಡ್ ಬಾರ್ಬರ್ ಮತ್ತು ಟೆರನ್ಸ್ ಓಡೀನ್ ಎಂಬ ಇಬ್ಬರು ಪ್ರಾಧ್ಯಾಪಕರು ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 66,465 ಕುಟುಂಬಗಳ ಖಾತೆಗಳನ್ನು 1991ರಿಂದ 1996ರ ವರೆಗೆ ತೆಗೆದು ನೋಡಿದರು. ಮಾರುಕಟ್ಟೆ ವರ್ಷಕ್ಕೆ ಶೇ 17.9 ಕೊಟ್ಟಿತ್ತು. ಎಲ್ಲರಿಗಿಂತ ಹೆಚ್ಚು ಕೊಂಡು ಮಾರಿ ಕಷ್ಟಪಟ್ಟವರ ಕೈಗೆ ಬಂದದ್ದು ಶೇ 11.4. ಕಷ್ಟಪಟ್ಟಷ್ಟೂ ಕಳೆದುಕೊಳ್ಳುವ ಕೆಲಸ ಇದು. ಶ್ರಮಜೀವಿಗಳಿಗೆ, ಅದರಲ್ಲೂ ಶಿಫ್ಟಿನಲ್ಲಿ ದುಡಿದು ಅಭ್ಯಾಸವಾದ ನಿಮ್ಮಂಥವರಿಗೆ, ನಂಬಲು ತುಂಬಾ ಕಷ್ಟ. ಸುಮ್ಮನೆ ಕೂರುವುದು ಸೋಮಾರಿತನ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ.

ಆ ಸುಮ್ಮನೆ ಕೂರುವ ವಿದ್ಯೆಗೇ ನಾಲ್ಕನೆಯ ಪುಸ್ತಕ: ಮಾರ್ಗನ್ ಹೌಸೆಲ್ ಅವರ ‘ದಿ ಸೈಕಾಲಜಿ ಆಫ್ ಮನಿ’, 2020. ಸಣ್ಣ ಸಣ್ಣ ಅಧ್ಯಾಯ, ಬಸ್ಸಿನಲ್ಲಿ ಓದಿಕೊಂಡು ಹೋಗಬಹುದು. ಶುರುವಿನ ಪುಟಗಳಲ್ಲೇ ಅಮೆರಿಕದ ವರ್ಮಾಂಟ್ ರಾಜ್ಯದ ರೊನಾಲ್ಡ್ ರೀಡ್ ಕಥೆ ಬರುತ್ತದೆ. 25 ವರ್ಷ ಪೆಟ್ರೋಲ್ ಬಂಕಿನಲ್ಲಿ ಕಾರು ರಿಪೇರಿ, 17 ವರ್ಷ ಒಂದು ಅಂಗಡಿಯಲ್ಲಿ ನೆಲ ಗುಡಿಸುವ ಕೆಲಸ. 2014ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಹೆಸರಿನಲ್ಲಿ 80 ಲಕ್ಷ ಡಾಲರಿಗೂ ಹೆಚ್ಚು ಇತ್ತು. ಒಳ್ಳೆಯ ಕಂಪನಿಗಳ ಷೇರು ಕೊಂಡಿದ್ದರು, ಮುಟ್ಟಿರಲಿಲ್ಲ. ಈ ಕಥೆ ಓದಿ ನೀವೂ 92ರ ತನಕ ದುಡ್ಡು ಮುಟ್ಟದೆ ಕೂರಬೇಕು ಎಂದು ನಾನು ಹೇಳುವುದಿಲ್ಲ, ಅದೆಂಥ ಬದುಕು! ನನಗೆ ಹೆಚ್ಚು ಹಿಡಿಸಿದ್ದು ಪುಸ್ತಕದ ಕೊನೆ. ಹೌಸೆಲ್ ತಮ್ಮ ಮನೆಯ ಸಾಲ ಪೂರ್ತಿ ತೀರಿಸಿಬಿಟ್ಟಿದ್ದಾರೆ. ಬಡ್ಡಿ ಅಷ್ಟು ಕಡಿಮೆ ಇದ್ದಾಗ ಹಾಗೆ ಮಾಡಿದ್ದು ಲೆಕ್ಕದ ಪ್ರಕಾರ ತಪ್ಪು, ಆದರೆ ರಾತ್ರಿ ನಿದ್ದೆ ಬರುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ.

ಇದನ್ನು ಓದಿ ನಿಮ್ಮ ಅಪ್ಪನ ಜೊತೆ ಮಾತಿಗೆ ಕೂರಿ. ಅಪ್ಪನ ತಲೆಮಾರಿಗೆ ಸೈಟು ಅಂದರೆ ಬರೀ ಲಾಭವಲ್ಲ. ಕೈಯಿಂದ ಮುಟ್ಟಬಹುದು, ಸುತ್ತ ಕಲ್ಲು ನೆಡಬಹುದು, ಮಗ ಒಂದು ಬೆಳಿಗ್ಗೆ ಫೋನಿನಲ್ಲಿ ಮಾರಿ ಕಳೆದುಬಿಡಲು ಆಗುವುದಿಲ್ಲ. ಕೊನೆಯದು ನಿಮ್ಮ ವಿಷಯದಲ್ಲಿ ಸಣ್ಣ ಗುಣವೇನಲ್ಲ! ಅವರ ಭಯವನ್ನು ಹಳೇಕಾಲದ್ದು ಎಂದು ತಳ್ಳಿಹಾಕಬೇಡಿ. ‘ಸಾಲ ಮಾಡಿಯಾದರೂ’ ಎಂಬ ಎರಡು ಪದಕ್ಕೆ ಮಾತ್ರ ಒಪ್ಪಬೇಡಿ. ಸಂಬಳದ ಅರ್ಧ ಇಎಂಐಗೆ ಹೋದರೆ, ಕಾರ್ಖಾನೆಯಲ್ಲಿ ಲೇಆಫ್ ಬಂದ ತಿಂಗಳು ಸೈಟನ್ನು ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ಬಿದ್ದ ಧಾರಣೆಗೆ ಮೂಟೆ ಎತ್ತಿದ ಹಾಗೆ.

ಐದನೆಯದು ಬೇಕಿದ್ದವರಿಗೆ: ಸುಚೇತಾ ದಲಾಲ್ ಮತ್ತು ದೇಬಾಶಿಶ್ ಬಸು ಅವರ ‘ದಿ ಸ್ಕ್ಯಾಮ್’, 1993ರಲ್ಲಿ ಬಂದದ್ದು, ಹರ್ಷದ್ ಮೆಹ್ತಾ ಹಗರಣದ ಬಗ್ಗೆ. ಹೂಡಿಕೆ ಹೇಗೆ ಮಾಡಬೇಕು ಎಂದು ಅದರಲ್ಲಿ ಒಂದು ಸಾಲೂ ಸಿಗುವುದಿಲ್ಲ. ಬ್ಯಾಂಕುಗಳ ನಡುವಿನ ಒಂದು ಕಾಗದದ ರಸೀದಿ ಹಿಡಿದು ಇಡೀ ದೇಶದ ಪೇಟೆಯನ್ನು ಹೇಗೆ ಉಬ್ಬಿಸಿದರು, ಕೋಟುಬೂಟಿನವರೆಲ್ಲ ಹೇಗೆ ಬೋಳಾದರು ಎಂಬುದಿದೆ. ಇದನ್ನು ಸಿಡುಬಿನ ಲಸಿಕೆಯ ಹಾಗೆ ಓದಿ.

ನನಗೆ ಆ ಲಸಿಕೆ ತಡವಾಗಿ ಸಿಕ್ಕಿತು. ಆ ಹಗರಣ ಕಣ್ಣೆದುರೇ ನಡೆದಿದ್ದರೂ 1995ರಲ್ಲಿ ನಾನು ಒಂದು ಗ್ರಾನೈಟ್ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರಲು ತಂದ ಐಪಿಒಗೆ ಅರ್ಜಿ ಹಾಕಿದೆ. 10 ರೂಪಾಯಿ ಮುಖಬೆಲೆ, 20 ರೂಪಾಯಿ ಪ್ರೀಮಿಯಂ, 100 ಷೇರಿಗೆ 3,000. ಅರ್ಧ ತಿಂಗಳ ಸಂಬಳ ಅದು. ಜೊತೆಗೆ ಕೆಲಸ ಮಾಡುವವರೆಲ್ಲ ಇನ್ಫೋಸಿಸ್ ಕಥೆ ಹೇಳುತ್ತಿದ್ದರು. 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಕೊಟ್ಟಿದ್ದರು, ಆಗ ಪೂರ್ತಿ ಕೊಳ್ಳುವವರೇ ಇರಲಿಲ್ಲ, ಈಗ ನೋಡಿ ಎಂದು. ಆ ಕಥೆ ನಿಜ. 9,500 ರೂಪಾಯಿಗೆ 100 ಷೇರು ಕೊಂಡು ಇಟ್ಟುಕೊಂಡವರ ಮೊಮ್ಮಕ್ಕಳೂ ಕೂತು ಉಣ್ಣಬಹುದು. ಆದರೆ ಆ ಎರಡು ಮೂರು ವರ್ಷಗಳಲ್ಲಿ ಸಾವಿರಗಟ್ಟಲೆ ಕಂಪನಿಗಳು ಜನರ ಮುಂದೆ ಕೈಚಾಚಿದವು. ದುಡ್ಡು ತೆಗೆದುಕೊಂಡು ವಿಳಾಸವೇ ಇಲ್ಲದಂತಾದವು ಎಷ್ಟೋ. ನನ್ನದೂ ಅದರಲ್ಲೊಂದು. ಒಂದು ವಾರ್ಷಿಕ ವರದಿ ಬಂತು, ಹೊಳೆಯುವ ಕಾಗದ, ಮುಖಪುಟದಲ್ಲಿ ಪಾಲಿಶ್ ಮಾಡಿದ ಕಪ್ಪು ಕಲ್ಲಿನ ಚಿತ್ರ. ಆಮೇಲೆ ಬರೆದ ಪತ್ರಗಳೆಲ್ಲ ವಾಪಸ್. ಷೇರು ಸರ್ಟಿಫಿಕೇಟು ಇನ್ನೂ ಇದೆ, ಒಳ್ಳೆಯ ದಪ್ಪ ಕಾಗದ, ಅಂಚಿಗೆ ಹಸಿರು ಬಳ್ಳಿ. ಗ್ರಹಾಮರ ಪುಸ್ತಕದಲ್ಲಿ ಎಂಟನೆಯ ಅಧ್ಯಾಯದ ಹತ್ತಿರ ಗುರುತಿಗೆ ಇಟ್ಟಿದ್ದೇನೆ. ಯಶಸ್ಸಿನ ಕಥೆಗಳ ಪುಸ್ತಕ ಓದುವಾಗೆಲ್ಲ ಅದನ್ನು ಎಳೆದು ಆ ಪುಸ್ತಕಕ್ಕೆ ಸಿಕ್ಕಿಸುತ್ತೇನೆ. ಸೋತವರು ಪುಸ್ತಕ ಬರೆಯುವುದಿಲ್ಲ, ಬರೆದರೂ ಯಾರೂ ಅಚ್ಚು ಹಾಕುವುದಿಲ್ಲ.

ಹೂಡಿಕೆಯ ಬಗ್ಗೆ ಬರೆದ ಪೀಟರ್ ಲಿಂಚ್, ಫಿಲಿಪ್ ಫಿಶರ್, ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಎಲ್ಲಿ ಎಂದು ಬಲ್ಲವರು ಕೇಳಿಯಾರು. ಒಳ್ಳೆಯವರೇ. ಲಿಂಚ್ ಮತ್ತು ಫಿಶರ್ ಬಿಡಿ ಷೇರು ಆರಿಸುವವರಿಗೆ ಬೇಕು. ನೀವು ಇನ್ನು ಐದು ವರ್ಷ ಬಿಡಿ ಷೇರು ಮುಟ್ಟಬೇಡಿ ಎನ್ನುವುದು ನನ್ನ ಸಲಹೆ, ಹಾಗಾಗಿ ಅವು ಕಪಾಟಿನಲ್ಲಿರಲಿ. ಕಾನ್‌ಮನ್ ಅವರ ‘ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ’ ದೊಡ್ಡ ಪುಸ್ತಕ, ನಿಧಾನ ಓದುವವರಿಗೆ ಆರು ತಿಂಗಳು. ನಿವೃತ್ತಿಯಾದ ಮೇಲೆ ನಾನು ಓದಿದೆ.

ಭಾಷೆಯ ಮಾತು. ಇಂಗ್ಲಿಷ್ ನಿಧಾನವಾದರೆ ಒಳ್ಳೆಯದೇ, ಓಡಿಸಿಕೊಂಡು ಓದುವ ಪುಸ್ತಕಗಳಲ್ಲ ಇವು. ಕನ್ನಡ ಅನುವಾದ ಕಣ್ಣಿಗೆ ಬಿದ್ದರೆ ಕೊಳ್ಳುವ ಮೊದಲು ಅಂಗಡಿಯಲ್ಲಿ ನಿಂತು ನಡುವಿನ ಎರಡು ಪುಟ ಓದಿ. ಇಂಗ್ಲಿಷಿಗಿಂತ ಕಷ್ಟ ಅನಿಸಿದರೆ ವಾಪಸ್ ಇಡಿ. ಪೈಸೆ ಖರ್ಚಿಲ್ಲದೆ ಕನ್ನಡದಲ್ಲೇ ಬೇಕೆಂದರೆ ಸೆಬಿಯ ಹೂಡಿಕೆದಾರರ ತಾಣದಲ್ಲಿ ಹಣಕಾಸು ಶಿಕ್ಷಣದ ಕಿರುಹೊತ್ತಗೆ ಇದೆ. ಸರ್ಕಾರಿ ಕನ್ನಡ, ಸ್ವಲ್ಪ ಒಣಕಲು, ಆದರೆ ಬ್ಯಾಂಕು, ವಿಮೆ, ಪಿಂಚಣಿ, ಮೋಸದ ಸ್ಕೀಮುಗಳ ಬಗ್ಗೆ ನೆಟ್ಟಗೆ ಹೇಳುತ್ತದೆ. ಹಾಲನ್ ಪುಸ್ತಕಕ್ಕೆ ಮುಂಚೆ ಅದನ್ನು ಒಂದು ಭಾನುವಾರ ಮುಗಿಸಬಹುದು. ಇನ್ನೊಂದು, ನಿಮ್ಮ ಗೆಳೆಯ ಮುಂದೆ ಯಾವುದಾದರೂ ‘ಮೈಂಡ್‌ಸೆಟ್ ಕೋರ್ಸ್’ ತಂದರೆ ಅದರ ಫೀಸು ಕೇಳಿ. ಮೇಲಿನ ಐದೂ ಪುಸ್ತಕ ಸೇರಿ ಅದಕ್ಕಿಂತ ಕಡಿಮೆಗೆ ಬರಬಹುದು.

ಪತ್ರ ಮುಚ್ಚುವ ಮೊದಲು ಆ 86,000ಕ್ಕೆ ಸಂಬಂಧಿಸಿ ಒಂದು ಕೆಲಸ, ಇದು ಯಾವ ಪುಸ್ತಕದಲ್ಲೂ ನಿಮಗೆ ಸಿಗುವುದಿಲ್ಲ. ಆಪ್ಷನ್ ನಷ್ಟವನ್ನು ಆದಾಯ ತೆರಿಗೆಯವರು ವ್ಯಾಪಾರದ ನಷ್ಟ ಎಂದು ಲೆಕ್ಕ ಹಾಕುತ್ತಾರೆ. ಅದು ಸಂಬಳದ ಆದಾಯದಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಆದರೆ ಗಡುವಿನ ಒಳಗೆ ರಿಟರ್ನ್ ಸಲ್ಲಿಸಿದ್ದರೆ 8 ವರ್ಷದವರೆಗೆ ಮುಂದಕ್ಕೆ ಒಯ್ದು, ಮುಂದೆಂದಾದರೂ ವ್ಯಾಪಾರದ ಲಾಭ ಬಂದರೆ ಅದರಲ್ಲಿ ಕಳೆಯಬಹುದು. ಸಂಬಳದವರು ಎಂದಿನಂತೆ ಐಟಿಆರ್-1 ತುಂಬಿದರೆ ಆಗುವುದಿಲ್ಲ, ಐಟಿಆರ್-3 ಬೇಕು. ನಿಮ್ಮ ವ್ಯವಹಾರವೆಲ್ಲ ಇಲಾಖೆಯ ಕಣ್ಣಿಗೆ ಹೇಗೂ ಬಿದ್ದಿರುತ್ತದೆ. ಬ್ರೋಕರ್ ಆ್ಯಪ್‌ನಿಂದ ಆ ವರ್ಷದ ಲಾಭನಷ್ಟದ ಪಟ್ಟಿ ಇಳಿಸಿಕೊಂಡು, ತುಮಕೂರಿನಲ್ಲೇ ಒಬ್ಬ ಆಡಿಟರ್ ಹತ್ತಿರ ಈ ತಿಂಗಳೇ ಹೋಗಿ. ಪಟ್ಟಿ ಹೇಗೂ ಪ್ರಿಂಟ್ ಆಗುತ್ತದೆ, ಅಪ್ಪನಿಗೂ ಒಂದು ಪ್ರತಿ ತೋರಿಸಿ.